ಉಬುಂಟುವಿನಲ್ಲಿ ಲಿಂಕ್ ಆಗುವ ಲೈಬ್ರರಿ ವಿಂಡೋಸ್‌ನಲ್ಲಿ ಏಕೆ ಆಗುತ್ತಿಲ್ಲ? ಒಂದು ಫಂಕ್ಷನ್ ಎಕ್ಸ್‌ಪೋರ್ಟ್ ಮಾಡಿದರೆ ಉಳಿದವು ಕಾಣೆಯಾಗುತ್ತಿವೆ

ಅಚ್ಚುಮೊಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಮುದ್ರಣಾಲಯ. ಪೇಜ್‌ಮೇಕರ್ ಕಾಲದಿಂದ ಕೂಡಿಟ್ಟ ಪುಸ್ತಕ, ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರಗಳೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ ಸಂಕೇತ ಪದ್ಧತಿ) ಅಕ್ಷರಗಳಲ್ಲಿವೆ. ಅವನ್ನು ಯೂನಿಕೋಡ್‌ಗೆ ತರಲು ಸಿ++ನಲ್ಲಿ ಒಂದು ಲೈಬ್ರರಿ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಫಂಕ್ಷನ್‌ಗಳ ಸಂಗ್ರಹ) ಬರೆಯುತ್ತಿದ್ದೇನೆ. ಹೆಸರು ಸದ್ಯಕ್ಕೆ ‘ಕೆಎನ್’. ಈ ಕೆಲಸದಲ್ಲಿ ಅಕ್ಷರದ ಕೋಡ್ ಬದಲಿಸುವುದು ಸುಲಭ, ಜಾಗ ಬದಲಿಸುವುದೇ ಕಷ್ಟ. ‘ಸೂರ್ಯ’ ಎಂಬ ಪದವನ್ನೇ ನೋಡಿ: ಹಳೆಯ ಕಡತದಲ್ಲಿ ‘ಯ’ ಮೊದಲು ಬರುತ್ತದೆ, ಅರ್ಕಾವತ್ತು ಅದರ ಹಿಂದೆ. ಯೂನಿಕೋಡ್‌ನಲ್ಲಿ ‘ರ’, ಹಲಂತ ಚಿಹ್ನೆ, ಆಮೇಲೆ ‘ಯ’. ಈ ಭಾಗವೆಲ್ಲ ಉಬುಂಟುವಿನಲ್ಲಿ ಸರಿಯಾಗಿ ನಡೆಯುತ್ತಿದೆ, ಪರೀಕ್ಷೆಗಳೂ ಪಾಸಾಗುತ್ತಿವೆ.

ತೊಂದರೆ ಇರುವುದು ವಿಂಡೋಸ್‌ನಲ್ಲಿ. ಪುಟ ಜೋಡಿಸುವವರು ಬಳಸುವುದು ವಿಂಡೋಸ್ ಆದ್ದರಿಂದ ಅಲ್ಲಿ ನಡೆಯದಿದ್ದರೆ ಈ ಲೈಬ್ರರಿಯಿಂದ ಪ್ರಯೋಜನವಿಲ್ಲ. ಬಿಲ್ಡ್ ಉಪಕರಣ ಸಿಮೇಕ್ ಮೂಲಕ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೊ 2022ರಲ್ಲಿ ಕಟ್ಟಿದಾಗ (ಬಿಲ್ಡ್ ಮಾಡಿದಾಗ) ಕೆಎನ್.ಡಿಎಲ್‌ಎಲ್, ಅಂದರೆ ಪ್ರೋಗ್ರಾಂ ಓಡುವಾಗ ಬಳಸುವ ಲೈಬ್ರರಿ ಕಡತ, ಯಾವ ತಕರಾರೂ ಇಲ್ಲದೆ ತಯಾರಾಯಿತು. ಅದನ್ನು ಬಳಸುವ ಪ್ರೋಗ್ರಾಂ ಮಾತ್ರ ಲಿಂಕ್ ಆಗುವಾಗ (ಕಂಪೈಲ್ ಆದ ತುಣುಕುಗಳು ಜೋಡಣೆಯಾಗುವಾಗ) ಎಲ್‌ಎನ್‌ಕೆ 1104 ಎಂಬ ದೋಷ ಕೊಟ್ಟು ನಿಂತುಬಿಟ್ಟಿತು: ಕೆಎನ್.ಲಿಬ್ ಕಡತವನ್ನು ತೆರೆಯಲಾಗುತ್ತಿಲ್ಲವಂತೆ. ಫೋಲ್ಡರ್‌ನಲ್ಲಿ ಹುಡುಕಿದರೆ ಡಿಎಲ್‌ಎಲ್ ಇದೆ, ಲಿಬ್ ಇಲ್ಲವೇ ಇಲ್ಲ.

ಪರಿಚಯದವರೊಬ್ಬರು ಹೇಳಿದರೆಂದು ಕೆಎನ್_ಓಪನ್ ಫಂಕ್ಷನ್ನಿನ ಮುಂದೆ __ಡಿಕ್ಲ್‌ಸ್ಪೆಕ್(ಡಿಎಲ್‌ಎಲ್‌ಎಕ್ಸ್‌ಪೋರ್ಟ್) ಎಂದು, ಅಂದರೆ ಇದು ಹೊರಗಿನವರಿಗೆ ಕಾಣಲಿ ಎಂಬ ಗುರುತು, ಸೇರಿಸಿದೆ. ಲಿಬ್ ಕಡತ ಬಂತು. ಈಗ ಕೆಎನ್_ಓಪನ್ ಬಗ್ಗೆ ದೂರಿಲ್ಲ, ಆದರೆ ಕೆಎನ್_ಕನ್ವರ್ಟ್, ಕೆಎನ್_ಕ್ಲೋಸ್, ಕೆಎನ್_ಲೋಡ್_ಮ್ಯಾಪ್ ಎಲ್ಲದಕ್ಕೂ ಎಲ್‌ಎನ್‌ಕೆ 2019, ಅಂದರೆ ಆ ಹೆಸರು ಸಿಗುತ್ತಿಲ್ಲ ಎಂಬ ದೋಷ.

ನನಗೆ ನಿಜವಾಗಿ ಅರ್ಥವಾಗದಿರುವುದು ಮುಂದಿನದು. ವಿಂಡೋಸ್‌ನಲ್ಲಿಯೇ ಜಿಸಿಸಿ ಕಂಪೈಲರ್ ಬಳಸಲು ಇರುವ ಎಂಸಿಸ್2ರ ಮಿನ್‌ಜಿಡಬ್ಲ್ಯುನಲ್ಲಿ ಇದೇ ಕೋಡ್ ಮೊದಲಿನಿಂದಲೂ ಲಿಂಕ್ ಆಗುತ್ತಿತ್ತು, ಅಲ್ಲಿ ಏನನ್ನೂ ಸೇರಿಸಬೇಕಾಗಿರಲಿಲ್ಲ. ಕೆಎನ್_ಓಪನ್‌ಗೆ ಆ ಗುರುತು ಹಾಕಿದ ಮೇಲೆ ಅಲ್ಲಿಯೂ ಕೆಎನ್_ಕನ್ವರ್ಟ್ ಸಿಗುತ್ತಿಲ್ಲ ಎಂಬ ದೋಷ ಬರುತ್ತಿದೆ. ನಾನು ಸೇರಿಸಿದ್ದು ಒಂದು ಫಂಕ್ಷನ್‌ಗೆ. ಮುಟ್ಟದೇ ಇದ್ದವು ಹೇಗೆ ಮಾಯವಾದವು?

ಹೆಡರ್‌ನಲ್ಲಿ (ಫಂಕ್ಷನ್‌ಗಳ ಘೋಷಣೆ ಇರುವ ಕಡತದಲ್ಲಿ) ಡಿಎಲ್‌ಎಲ್‌ಇಂಪೋರ್ಟ್ ಕೂಡ ಬೇಕೆಂದು ಓದಿ ಅದನ್ನೂ ಹಾಕಿದೆ: ಲೈಬ್ರರಿ ಕಟ್ಟುವಾಗ ಎಕ್ಸ್‌ಪೋರ್ಟ್, ಬಳಸುವಾಗ ಇಂಪೋರ್ಟ್. ಆಗ ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಯನ್ನು ತನ್ನೊಳಗೇ ಸೇರಿಸಿಕೊಂಡು, ಕಟ್ಟುವ ನನ್ನ ಕಮಾಂಡ್‌ಲೈನ್ ಉಪಕರಣ ಕೆಟ್ಟಿತು. ಅದು ಹುಡುಕುತ್ತಿರುವ ಹೆಸರು __ಐಎಂಪಿ_ಕೆಎನ್_ಓಪನ್. ಅಂಥ ಹೆಸರಿನ ಫಂಕ್ಷನ್ ನನ್ನ ಕೋಡ್‌ನಲ್ಲಿ ಎಲ್ಲಿಯೂ ಇಲ್ಲ.

ಪ್ರತಿಯೊಂದು ಫಂಕ್ಷನ್‌ಗೂ ಗುರುತು ಹಾಕಲೇಬೇಕೇ? ಲಿನಕ್ಸ್‌ನಲ್ಲಿ ಬೇಡವಾದದ್ದು ಇಲ್ಲಿ ಏಕೆ ಬೇಕು? ತಿಳಿದವರು ದಯವಿಟ್ಟು ವಿವರಿಸಿ.

ಬಯಲುಸೀಮೆ

ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಿಮೇಕ್‌ನಲ್ಲಿ ವಿಂಡೋಸ್_ಎಕ್ಸ್‌ಪೋರ್ಟ್_ಆಲ್_ಸಿಂಬಲ್ಸ್ ಎಂಬ ಗುಣವಿದೆ, 3.4ನೇ ಆವೃತ್ತಿಯಿಂದಲೂ ಇದೆ. ಲೈಬ್ರರಿಗೆ ಅದನ್ನು ಆನ್ ಮಾಡಿ. ಆಬ್ಜೆಕ್ಟ್ ಕಡತಗಳಲ್ಲಿರುವ (ಕಂಪೈಲ್ ಆದ ತುಣುಕುಗಳಲ್ಲಿರುವ) ಫಂಕ್ಷನ್‌ಗಳನ್ನೆಲ್ಲ ಹುಡುಕಿ ಅದೇ ಒಂದು ಡೆಫ್ ಕಡತ (ಎಕ್ಸ್‌ಪೋರ್ಟ್ ಆಗಬೇಕಾದ ಹೆಸರುಗಳ ಪಟ್ಟಿ) ಬರೆದು ಲಿಂಕರ್‌ಗೆ ಕೊಡುತ್ತದೆ. ನೀವು ಹಾಕಿದ ಡಿಎಲ್‌ಎಲ್‌ಎಕ್ಸ್‌ಪೋರ್ಟ್, ಇಂಪೋರ್ಟ್ ಎರಡನ್ನೂ ತೆಗೆದುಬಿಡಿ. ಮಿನ್‌ಜಿಡಬ್ಲ್ಯು ಮೊದಲಿನಂತಾಗುತ್ತದೆ, ಸ್ಟ್ಯಾಟಿಕ್ ಉಪಕರಣವೂ ಸರಿಹೋಗುತ್ತದೆ. ನಮ್ಮ ತಂಡದಲ್ಲಿ ಹೊಸ ಕೋಡ್ ವಿಂಡೋಸ್‌ಗೆ ತರುವಾಗ ಮೊದಲು ಮಾಡುವುದೇ ಇದು.

ಸಹ್ಯಾದ್ರಿ

ಬಯಲುಸೀಮೆಯವರು ಹೇಳಿದ ದಾರಿಯಲ್ಲಿ ಹೋದರೆ ಇವತ್ತು ಸಂಜೆಯೇ ಲಿಂಕ್ ಆಗುತ್ತದೆ, ನಿಜ. ಆದರೂ ಅಚ್ಚುಮೊಳೆಯವರೇ, ನೀವು ಆ ದಾರಿ ಹಿಡಿಯಬಾರದೆಂದು ನನ್ನ ಆಗ್ರಹ. ಕಾರಣಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ನಾಲ್ಕು ದೋಷಗಳನ್ನು ನೋಡೋಣ. ಲಿಂಕರ್ ಹೇಳುವ ಮಾತಿನಲ್ಲಿ ಒಂದಕ್ಷರವೂ ವ್ಯರ್ಥವಲ್ಲ. ನೀವು ಅವನ್ನು ಎಚ್ಚರದಿಂದ ಬರೆದಿಟ್ಟಿರುವುದರಿಂದ ನನ್ನ ಅರ್ಧ ಕೆಲಸ ಮುಗಿದಿದೆ.

ಲಿನಕ್ಸ್‌ನ ಇಎಲ್‌ಎಫ್ ರೂಪದ ಲೈಬ್ರರಿ ಕಡತಗಳಲ್ಲಿ, ಕೋಡ್‌ನಲ್ಲಿ ಸ್ಟ್ಯಾಟಿಕ್ (ಇಲ್ಲಿ ಇದರ ಅರ್ಥ ಆ ಸೋರ್ಸ್ ಕಡತದೊಳಗೆ ಮಾತ್ರ) ಎಂದು ಹೇಳದ ಪ್ರತಿಯೊಂದು ಫಂಕ್ಷನ್ನೂ ಹೊರಗಿನವರಿಗೆ ಕಾಣುತ್ತದೆ. ಮ್ಯಾಕ್‌ನಲ್ಲಿಯೂ ಅಷ್ಟೇ. ಮೈಕ್ರೋಸಾಫ್ಟ್‌ನ ಲಿಂಕರ್‌ನ ಕ್ರಮ ಇದಕ್ಕೆ ವಿರುದ್ಧ: ನೀವಾಗಿ ಹೇಳುವವರೆಗೆ ಡಿಎಲ್‌ಎಲ್‌ನಿಂದ ಒಂದು ಹೆಸರೂ ಹೊರಗೆ ಬರುವುದಿಲ್ಲ. ಹೇಳುವುದಕ್ಕೆ ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಒಂದು ದಾರಿ, ಡೆಫ್ ಕಡತ ಇನ್ನೊಂದು. ಮದುವೆ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಲಿನಕ್ಸ್‌ನಲ್ಲಿ ದಾರಿಹೋಕನಿಗೂ ಎಲೆ ಹಾಕುತ್ತಾರೆ, ವಿಷುಯಲ್ ಸ್ಟುಡಿಯೊದಲ್ಲಿ ಕರೆಯೋಲೆ ತೋರಿಸದೆ ಊಟವಿಲ್ಲ. ಮಿನ್‌ಜಿಡಬ್ಲ್ಯು ಎರಡರ ನಡುವಿನದು: ಕರೆಯೋಲೆಯನ್ನೇ ಅಚ್ಚು ಹಾಕಿಸಿಲ್ಲ ಎಂದಾದರೆ ಬಂದವರನ್ನೆಲ್ಲ ಪಂಕ್ತಿಗೆ ಕೂರಿಸುತ್ತದೆ, ಒಬ್ಬರ ಕೈಯಲ್ಲಿ ಕರೆಯೋಲೆ ಕಂಡರೂ ಉಳಿದವರನ್ನು ಎಬ್ಬಿಸುತ್ತದೆ.

ನಿಮ್ಮನ್ನು ಕಾಡಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಮಿನ್‌ಜಿಡಬ್ಲ್ಯುವಿನ ಎಲ್‌ಡಿ ಲಿಂಕರ್ ಡಿಎಲ್‌ಎಲ್ ಕಟ್ಟುವಾಗ ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಗುರುತಾಗಲಿ ಡೆಫ್ ಕಡತವಾಗಲಿ ಎಲ್ಲಿಯೂ ಕಾಣದಿದ್ದರೆ ಎಲ್ಲವನ್ನೂ ತಾನಾಗಿ ಎಕ್ಸ್‌ಪೋರ್ಟ್ ಮಾಡುತ್ತದೆ. ಗುರುತು ಒಂದೇ ಒಂದು ಕಡೆ ಕಂಡರೂ ‘ಇವರಿಗೆ ಬೇಕಾದದ್ದು ಯಾವುದೆಂದು ಇವರೇ ಹೇಳುತ್ತಿದ್ದಾರೆ’ ಎಂದು ತಿಳಿದು ಗುರುತು ಇರುವುದನ್ನು ಮಾತ್ರ ಹೊರಗೆ ಬಿಡುತ್ತದೆ. --ಎಕ್ಸ್‌ಪೋರ್ಟ್-ಆಲ್-ಸಿಂಬಲ್ಸ್ ಎಂಬ ಆಯ್ಕೆ ಕೊಟ್ಟು ಹಳೆಯ ವರ್ತನೆಯನ್ನು ಮರಳಿ ತರಬಹುದು. ದಯವಿಟ್ಟು ತರಬೇಡಿ.

ಇನ್ನು ಎಲ್‌ಎನ್‌ಕೆ 1104. ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೊದ ಲಿಂಕರ್ ನೇರವಾಗಿ ಡಿಎಲ್‌ಎಲ್ ಓದಿ ಲಿಂಕ್ ಮಾಡುವುದಿಲ್ಲ. ಜೊತೆಗೆ ಹುಟ್ಟುವ ಇಂಪೋರ್ಟ್ ಲೈಬ್ರರಿ, ಅಂದರೆ ಕೆಎನ್.ಲಿಬ್, ಅದಕ್ಕೆ ಬೇಕು. ಡಿಎಲ್‌ಎಲ್‌ನಲ್ಲಿ ಎಕ್ಸ್‌ಪೋರ್ಟ್ ಆಗುವ ಹೆಸರು ಒಂದೂ ಇಲ್ಲದಿದ್ದರೆ ಆ ಲಿಬ್ ಕಡತವೇ ಹುಟ್ಟುವುದಿಲ್ಲ. ‘ಕಡತ ತೆರೆಯಲಾಗುತ್ತಿಲ್ಲ’ ಎಂಬ ಮಾತು ಕಂಡು ಎಷ್ಟೋ ಜನ ಲೈಬ್ರರಿಯ ಹಾದಿಯನ್ನು ತಿದ್ದುತ್ತ ಗಂಟೆಗಟ್ಟಲೆ ಕಳೆಯುತ್ತಾರೆ. ಹಾದಿ ಸರಿಯೇ ಇರುತ್ತದೆ, ತಲುಪುವ ಜಾಗದಲ್ಲಿ ಕಡತವಿರುವುದಿಲ್ಲ. ಕೆಎನ್_ಓಪನ್ ಒಂದಕ್ಕೆ ಗುರುತು ಹಾಕಿದ ಮೇಲೆ ಲಿಬ್ ಹುಟ್ಟಿತು, ಅದರಲ್ಲಿ ಆ ಒಂದೇ ಹೆಸರಿತ್ತು. ಉಳಿದವಕ್ಕೆ ಎಲ್‌ಎನ್‌ಕೆ 2019 ಬಂದದ್ದು ಅದರಿಂದ.

__ಐಎಂಪಿ_ ಎಂದು ಶುರುವಾಗುವ ಹೆಸರು ಎಲ್ಲಿಂದ ಬಂತೆಂದು ಕೇಳಿದ್ದೀರಿ. ಹೆಡರ್‌ನಲ್ಲಿ ಡಿಎಲ್‌ಎಲ್‌ಇಂಪೋರ್ಟ್ ಕಂಡರೆ ಕಂಪೈಲರ್ ಆ ಫಂಕ್ಷನ್ ಇನ್ನೊಂದು ಡಿಎಲ್‌ಎಲ್‌ನಲ್ಲಿದೆ ಎಂದು ನಂಬಿ, ಅದರ ವಿಳಾಸ ಇಟ್ಟಿರುವ ಖಾನೆಯ ಮೂಲಕ ಕರೆಯುತ್ತದೆ. ಆ ಖಾನೆಯ ಹೆಸರೇ __ಐಎಂಪಿ_ಕೆಎನ್_ಓಪನ್. ಸ್ಟ್ಯಾಟಿಕ್ ಲೈಬ್ರರಿಯಲ್ಲಿ ಡಿಎಲ್‌ಎಲ್ಲೇ ಇಲ್ಲ, ಖಾನೆ ಎಲ್ಲಿಂದ ಬರಬೇಕು? ಆದ್ದರಿಂದ ಒಂದು ಗುಟ್ಟು ನೆನಪಿಡಿ: ಸಿಗದ ಹೆಸರಿನ ಮುಂದೆ __ಐಎಂಪಿ_ ಇದ್ದರೆ ಬಳಸುವವರ ಕೋಡ್ ಡಿಎಲ್‌ಎಲ್ ಇದೆಯೆಂದು ನಂಬಿ ಕಂಪೈಲ್ ಆಗಿದೆ, ಲಿಂಕರ್‌ನ ಕೈಗೆ ಸಿಕ್ಕಿರುವುದು ಸ್ಟ್ಯಾಟಿಕ್ ಲಿಬ್, ಇಲ್ಲವೇ ಆ ಹೆಸರಿಲ್ಲದ ಇಂಪೋರ್ಟ್ ಲಿಬ್.

ಈಗ ಪರಿಹಾರ. ಹೆಡರ್‌ನ ತಲೆಯಲ್ಲಿ ಕೆಎನ್_ಎಪಿಐ ಎಂಬ ಒಂದೇ ಮ್ಯಾಕ್ರೊ (ಕಂಪೈಲ್‌ಗೆ ಮೊದಲು ಬೇರೆ ಪಠ್ಯವಾಗಿ ಬದಲಾಗುವ ಹೆಸರು) ಇಟ್ಟುಕೊಳ್ಳಿ. ಅದು ಈ ಕ್ರಮದಲ್ಲಿ ಯೋಚಿಸಬೇಕು: ಕೆಎನ್_ಸ್ಟ್ಯಾಟಿಕ್ ಎಂದು ಯಾರಾದರೂ ಹೇಳಿದ್ದರೆ ಮ್ಯಾಕ್ರೊ ಖಾಲಿ, ಮುಂದೆ ನೋಡುವುದೇ ಬೇಡ. ವಿಂಡೋಸ್ ಆಗಿದ್ದು ಕೆಎನ್_ಎಕ್ಸ್‌ಪೋರ್ಟ್ಸ್ ಇದ್ದರೆ ಡಿಎಲ್‌ಎಲ್‌ಎಕ್ಸ್‌ಪೋರ್ಟ್. ವಿಂಡೋಸ್ ಆಗಿದ್ದು ಅದಿಲ್ಲದಿದ್ದರೆ ಡಿಎಲ್‌ಎಲ್‌ಇಂಪೋರ್ಟ್. ಉಳಿದ ಎಲ್ಲ ಕಡೆ ಜಿಸಿಸಿ ಮತ್ತು ಕ್ಲಾಂಗ್‌ಗೆ ಅರ್ಥವಾಗುವ ವಿಸಿಬಿಲಿಟಿ ಡಿಫಾಲ್ಟ್ ಎಂಬ ಆಟ್ರಿಬ್ಯೂಟ್. ವಿಂಡೋಸ್ ಹೌದೋ ಅಲ್ಲವೋ ಎಂದು ತಿಳಿಯಲು _ವಿನ್32 ಎಂಬುದನ್ನೇ ನೋಡಿ. ಹೆಸರಿನಲ್ಲಿ 32 ಇದ್ದರೂ 64 ಬಿಟ್ ಕಂಪೈಲರ್‌ಗಳಲ್ಲಿಯೂ ಅದು ಇರುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್‌ನ ಗುರುತಾದ _ಎಂಎಸ್‌ಸಿ_ವರ್ ನೋಡಿದರೆ ಮಿನ್‌ಜಿಡಬ್ಲ್ಯು ಕೈತಪ್ಪುತ್ತದೆ.

ಕೆಎನ್_ಎಕ್ಸ್‌ಪೋರ್ಟ್ಸ್ ಅನ್ನು ನೀವು ಎಲ್ಲಿಯೂ ಬರೆಯಬೇಕಾಗಿಲ್ಲ. ಕೆಎನ್ ಎಂಬ ಶೇರ್ಡ್ ಲೈಬ್ರರಿಯನ್ನು (ವಿಂಡೋಸ್‌ನಲ್ಲಿ ಡಿಎಲ್‌ಎಲ್) ಕಂಪೈಲ್ ಮಾಡುವಾಗ ಸಿಮೇಕ್ ತಾನೇ ಅದನ್ನು ಸೇರಿಸುತ್ತದೆ. ಕೆಎನ್_ಸ್ಟ್ಯಾಟಿಕ್ ಅನ್ನು ಮಾತ್ರ ಸ್ಟ್ಯಾಟಿಕ್ ಲೈಬ್ರರಿಗೆ ನೀವೇ ಕೊಡಬೇಕು, ಕೊಡುವಾಗ ಪಬ್ಲಿಕ್ ಎಂದೇ ಕೊಡಬೇಕು. ಪ್ರೈವೇಟ್ ಎಂದು ಕೊಟ್ಟರೆ ಲೈಬ್ರರಿ ಕಟ್ಟುವಾಗಷ್ಟೇ ಅದು ಇರುತ್ತದೆ. ನಿಮ್ಮ ಕಮಾಂಡ್‌ಲೈನ್ ಉಪಕರಣಕ್ಕೆ ತಲುಪುವುದಿಲ್ಲ, ಮತ್ತೆ __ಐಎಂಪಿ_ ದೂರು ಬರುತ್ತದೆ.

ಇನ್ನೊಂದು ಹೊಂಡ ಇಲ್ಲಿಯೇ ಇದೆ, ಈಗಲೇ ಹೇಳಿಬಿಡುತ್ತೇನೆ. ಲಿನಕ್ಸ್‌ನಲ್ಲಿ ಸ್ಟ್ಯಾಟಿಕ್ ಲೈಬ್ರರಿ ಲಿಬ್‌ಕೆಎನ್.ಎ ಬೇರೆ, ಶೇರ್ಡ್ ಲೈಬ್ರರಿ ಲಿಬ್‌ಕೆಎನ್.ಎಸ್‌ಒ ಬೇರೆ. ವಿಷುಯಲ್ ಸ್ಟುಡಿಯೊದಲ್ಲಿ ಸ್ಟ್ಯಾಟಿಕ್ ಲೈಬ್ರರಿಯ ಹೆಸರೂ ಕೆಎನ್.ಲಿಬ್, ಡಿಎಲ್‌ಎಲ್‌ನ ಇಂಪೋರ್ಟ್ ಲೈಬ್ರರಿಯ ಹೆಸರೂ ಕೆಎನ್.ಲಿಬ್. ಎರಡನ್ನೂ ಒಂದೇ ಫೋಲ್ಡರ್‌ಗೆ ಕಟ್ಟಿದರೆ ಕೊನೆಯಲ್ಲಿ ಬಂದದ್ದು ಮೊದಲಿನದರ ಮೇಲೆ ಕೂರುತ್ತದೆ. ಒಮ್ಮೆ ಲಿಂಕ್ ಆಗಿ ಇನ್ನೊಮ್ಮೆ ಆಗದ ವಿಚಿತ್ರ ಬಿಲ್ಡ್‌ಗಳು ಹುಟ್ಟುವುದು ಹೀಗೆ. ಸ್ಟ್ಯಾಟಿಕ್ ಲೈಬ್ರರಿಗೆ ಬೇರೆ ಹೆಸರಿಡಿ.

ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಬೇಡಿ ಎಂದು ಏಕೆ ಆಗ್ರಹ ಮಾಡಿದೆನೆಂದರೆ, ಹೊರಗೆ ಕಂಡ ಫಂಕ್ಷನ್ ಎಂದರೆ ನೀವು ಬಳಕೆದಾರರಿಗೆ ಕೊಟ್ಟ ಮಾತು. ಅರ್ಕಾವತ್ತಿನ ಜಾಗ ಬದಲಿಸುವ ಒಳಗಿನ ಫಂಕ್ಷನ್ ಇವತ್ತು ಒಂದು ರೀತಿ ಇದೆ, ನಾಳೆ ನೀವು ಅದನ್ನು ಮುರಿದು ಎರಡು ಮಾಡುತ್ತೀರಿ. ಅಷ್ಟರಲ್ಲಿ ಅದನ್ನು ಯಾರೋ ನೇರವಾಗಿ ಕರೆದಿದ್ದರೆ ಅವರ ಪ್ರೋಗ್ರಾಂ ಕೆಡುತ್ತದೆ, ದೂರು ನಿಮಗೆ ಬರುತ್ತದೆ. ದೊಡ್ಡ ಸಿ++ ಲೈಬ್ರರಿಗಳಲ್ಲಿ ಇನ್ನೊಂದು ಗೋಡೆಯೂ ಎದುರಾಗುತ್ತದೆ: ಒಂದು ಡಿಎಲ್‌ಎಲ್‌ನಿಂದ 65,535ಕ್ಕಿಂತ ಹೆಚ್ಚು ಹೆಸರುಗಳು ಹೊರಗೆ ಬರಲಾರವು. ಟೆಂಪ್ಲೇಟ್‌ಗಳು ತುಂಬಿದ ಕೋಡ್‌ನಲ್ಲಿ ಎಲ್ಲವನ್ನೂ ಹೊರಗೆ ಬಿಟ್ಟರೆ ಆ ಸಂಖ್ಯೆ ದೂರವೇನಲ್ಲ. ಜೊತೆಗೆ, ಬಯಲುಸೀಮೆಯವರ ವಿಧಾನದಲ್ಲಿ ಫಂಕ್ಷನ್‌ಗಳಿಗೆ ಗುರುತು ಬೇಕಿಲ್ಲವಾದರೂ ಗ್ಲೋಬಲ್ ವೇರಿಯಬಲ್‌ಗಳನ್ನು ಬಳಸುವ ಕಡೆ ಡಿಎಲ್‌ಎಲ್‌ಇಂಪೋರ್ಟ್ ಇರಲೇಬೇಕು. ನಿಮ್ಮ ಹೆಡರ್‌ನಲ್ಲಿ ಕೆಎನ್_ವರ್ಷನ್ ಎಂಬ ವೇರಿಯಬಲ್ ಏನಾದರೂ ಇದ್ದರೆ ಅದನ್ನು ಆವೃತ್ತಿ ಹೇಳುವ ಫಂಕ್ಷನ್ ಆಗಿ ಬದಲಿಸಿ. ವೇರಿಯಬಲ್‌ಗಳನ್ನು ಡಿಎಲ್‌ಎಲ್ ಗಡಿ ದಾಟಿಸದಿರುವುದೇ ಒಳ್ಳೆಯದು.

ಕೊನೆಯದಾಗಿ, ನನ್ನ ಮಟ್ಟಿಗೆ ಇದೇ ಮುಖ್ಯವಾದ ಮಾತು: ಲಿನಕ್ಸ್‌ನಲ್ಲಿಯೇ ಬಿಗಿ ಮಾಡಿ. ಜಿಸಿಸಿ 4.0 ಬಂದ 2005ರಿಂದಲೂ -ಎಫ್‌ವಿಸಿಬಿಲಿಟಿ=ಹಿಡನ್ ಎಂಬ ಆಯ್ಕೆ ಇದೆ. ಸಿಮೇಕ್‌ನಲ್ಲಿ ಸಿಎಕ್ಸ್‌ಎಕ್ಸ್_ವಿಸಿಬಿಲಿಟಿ_ಪ್ರಿಸೆಟ್ ಎಂಬುದನ್ನು ಹಿಡನ್ ಮಾಡಿದರೆ ಸಾಕು. ಆಗ ಉಬುಂಟುವಿನಲ್ಲಿಯೂ ಕೆಎನ್_ಎಪಿಐ ಗುರುತಿಲ್ಲದ ಫಂಕ್ಷನ್ ಹೊರಗೆ ಕಾಣುವುದಿಲ್ಲ. ಜೊತೆಗೆ ಲಿಂಕರ್‌ಗೆ --ನೋ-ಅನ್‌ಡಿಫೈನ್ಡ್ ಕೊಡಿ. ಲಿನಕ್ಸ್‌ನಲ್ಲಿ ಎಸ್‌ಒ ಕಡತ ಕಟ್ಟುವಾಗ ಸಿಗದ ಹೆಸರುಗಳಿದ್ದರೂ ಲಿಂಕರ್ ಸುಮ್ಮನಿರುತ್ತದೆ, ಮ್ಯಾಕ್ ಮತ್ತು ವಿಂಡೋಸ್ ಸುಮ್ಮನಿರುವುದಿಲ್ಲ. ಈ ಎರಡನ್ನು ಮಾಡಿದರೆ ವಿಂಡೋಸ್‌ನಲ್ಲಿ ಬರಬೇಕಾದ ದೋಷಗಳಲ್ಲಿ ಹೆಚ್ಚಿನವು ನೀವು ದಿನವೂ ಕೆಲಸ ಮಾಡುವ ಯಂತ್ರದಲ್ಲಿಯೇ, ಕೋಡ್ ಬರೆದ ಮರುಕ್ಷಣದಲ್ಲಿಯೇ ಬರುತ್ತವೆ.

ಹೆಡರ್‌ನ ಘೋಷಣೆಗಳನ್ನೆಲ್ಲ ಎಕ್ಸ್‌ಟರ್ನ್ ‘ಸಿ’ ಒಳಗೆ ಹಾಕಿ, ಆಗ ಹೆಸರುಗಳು ಸಿ ಭಾಷೆಯಲ್ಲಿರುವಂತೆ ತಿರುಚದೆ ಉಳಿಯುತ್ತವೆ. ಸಿ++ ಹೆಸರುಗಳನ್ನು ಮೈಕ್ರೋಸಾಫ್ಟ್ ಕಂಪೈಲರ್ ಪ್ರಶ್ನಾರ್ಥಕ ಚಿಹ್ನೆಯಿಂದ ಶುರುಮಾಡಿ ಒಂದು ರೀತಿ ತಿರುಚುತ್ತದೆ, ಜಿಸಿಸಿ _ಝಡ್ ಎಂದು ಶುರುಮಾಡಿ ಇನ್ನೊಂದು ರೀತಿ. ಮಿನ್‌ಜಿಡಬ್ಲ್ಯುನಲ್ಲಿ ಕಟ್ಟಿದ ಡಿಎಲ್‌ಎಲ್ ಅನ್ನು ವಿಷುಯಲ್ ಸ್ಟುಡಿಯೊದಿಂದ ಬಳಸಬೇಕಾದರೆ ಸಿ ಹೆಸರುಗಳೇ ಗತಿ.

ಎಲ್ಲ ಮಾಡಿದ ಮೇಲೆ ಊಹಿಸಬೇಡಿ, ಕಣ್ಣಾರೆ ನೋಡಿ. ವಿಂಡೋಸ್‌ನಲ್ಲಿ ಡಂಪ್‌ಬಿನ್ /ಎಕ್ಸ್‌ಪೋರ್ಟ್ಸ್ ಕೆಎನ್.ಡಿಎಲ್‌ಎಲ್ ಎಂಬ ಆಜ್ಞೆ ಹೊರಗೆ ಕಾಣುವ ಹೆಸರುಗಳ ಪಟ್ಟಿ ಕೊಡುತ್ತದೆ. ಲಿನಕ್ಸ್‌ನಲ್ಲಿ ಎನ್‌ಎಂ ಆಜ್ಞೆಗೆ -ಡಿ ಮತ್ತು --ಡಿಫೈನ್ಡ್-ಓನ್ಲಿ ಕೊಟ್ಟು ಲಿಬ್‌ಕೆಎನ್.ಎಸ್‌ಒ ನೋಡಿ. ಎರಡರಲ್ಲಿಯೂ ನಿಮ್ಮ ಫಂಕ್ಷನ್‌ಗಳ ಪಟ್ಟಿ ಒಂದೇ ಆಗಿರಬೇಕು.

ಬಯಲುಸೀಮೆ

ಸಹ್ಯಾದ್ರಿಯವರ ವಾದ ಒಪ್ಪುತ್ತೇನೆ, ಹೊಸದಾಗಿ ಬರೆಯುವ ಸಣ್ಣ ಲೈಬ್ರರಿಗೆ ಅದೇ ಸರಿ. ಯಾರೋ ಬರೆದ ಸಾವಿರಾರು ಫಂಕ್ಷನ್‌ಗಳ ಹಳೆಯ ಕೋಡ್ ವಿಂಡೋಸ್‌ಗೆ ತರುವಾಗ ಮೊದಲ ಹೆಜ್ಜೆಯಾಗಿ ನಾನು ಹೇಳಿದ್ದು ಇಂದಿಗೂ ಉಪಯುಕ್ತ ಎಂದೇ ನನ್ನ ಅಭಿಪ್ರಾಯ. ಆಮೇಲೆ ಒಂದೊಂದೇ ಹೆಡರ್ ಹಿಡಿದು ಗುರುತು ಹಾಕುತ್ತ ಬರಬಹುದು.

ಅಚ್ಚುಮೊಳೆ

ಇಬ್ಬರಿಗೂ ಧನ್ಯವಾದಗಳು. ಸಹ್ಯಾದ್ರಿಯವರು ಹೇಳಿದಂತೆ ಮ್ಯಾಕ್ರೊ ಬರೆದೆ, ಎಕ್ಸ್‌ಟರ್ನ್ ‘ಸಿ’ ಹಾಕಿದೆ, ಸ್ಟ್ಯಾಟಿಕ್ ಲೈಬ್ರರಿಯ ಹೆಸರು ಬದಲಿಸಿದೆ. ಕಮಾಂಡ್‌ಲೈನ್ ಉಪಕರಣ ಈಗ ಲಿಂಕ್ ಆಗುತ್ತಿದೆ. ಕೆಎನ್_ಓಪನ್, ಕೆಎನ್_ಕನ್ವರ್ಟ್, ಕೆಎನ್_ಕ್ಲೋಸ್ ಮೂರೂ ಡಂಪ್‌ಬಿನ್ ಪಟ್ಟಿಯಲ್ಲಿ ಕಾಣುತ್ತಿವೆ.

ಎರಡು ವಿಷಯ ಉಳಿದಿವೆ. ಕೆಎನ್_ಲೋಡ್_ಮ್ಯಾಪ್ ಮಾತ್ರ ಪಟ್ಟಿಗೆ ಬರುತ್ತಿಲ್ಲ. ಹೆಡರ್‌ನಲ್ಲಿ ಅದಕ್ಕೂ ಕೆಎನ್_ಎಪಿಐ ಇದೆ, ಪಕ್ಕದ ಫಂಕ್ಷನ್‌ಗಳಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಈಗ ಉಬುಂಟುವಿನಲ್ಲಿಯೂ ಸಿಗುತ್ತಿಲ್ಲ. ಆ ಫಂಕ್ಷನ್ ಇರುವ ಆಬ್ಜೆಕ್ಟ್ ಕಡತವನ್ನು ಎನ್‌ಎಂನಲ್ಲಿ ನೋಡಿದರೆ ದೊಡ್ಡ ಟಿ ಅಕ್ಷರದ ಮುಂದೆ _ಝಡ್11ಕೆಎನ್_ಲೋಡ್_ಮ್ಯಾಪ್‌ಪಿಕೆಸಿ ಎಂದು ತೋರಿಸುತ್ತಿದೆ.

ಇನ್ನೊಂದು, ಹಿಡನ್ ಮಾಡಿದ ಮೇಲೆ ಉಬುಂಟುವಿನ ನನ್ನ ಪರೀಕ್ಷೆಗಳು ಲಿಂಕ್ ಆಗುತ್ತಿಲ್ಲ. ಅರ್ಕಾವತ್ತು ಸರಿಸುವ ಒಳಗಿನ ಫಂಕ್ಷನ್ನನ್ನು ಪರೀಕ್ಷೆ ನೇರವಾಗಿ ಕರೆಯುತ್ತದೆ. ಅದು ಹೊರಗಿನವರಿಗೆ ಬೇಡ, ಆದರೆ ಪರೀಕ್ಷೆ ಇಲ್ಲದೆ ಬಿಡಲು ನನಗೆ ಮನಸ್ಸಿಲ್ಲ. ಹಳೆಯ ಪುಸ್ತಕಗಳಲ್ಲಿ ಒತ್ತಕ್ಷರ ಮತ್ತು ಅರ್ಕಾವತ್ತು ಒಟ್ಟಿಗೆ ಬರುವ ಜಾಗಗಳು ಬಹಳ ಇವೆ, ತಪ್ಪುಗಳು ಉಳಿಯುವುದು ಅಲ್ಲಿಯೇ.

ಕರಾವಳಿ

ಮ್ಯಾಕ್‌ನಲ್ಲಿ ಕಟ್ಟುವವರ ಕಡೆಯಿಂದ ಎರಡು ಮಾತು. ಮೇಲಿನ ಮ್ಯಾಕ್ರೊ ಅಲ್ಲಿಯೂ ಹಾಗೆಯೇ ನಡೆಯುತ್ತದೆ, ಹೊಸದಾಗಿ ಏನೂ ಬೇಡ. ಪಟ್ಟಿ ನೋಡಲು ಎನ್‌ಎಂಗೆ -ಜಿಯು ಕೊಡಿ. ಪ್ರತಿ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹೆಚ್ಚಾಗಿ ಕಾಣುತ್ತದೆ: _ಕೆಎನ್_ಓಪನ್. ಅದು ಮ್ಯಾಕ್‌ನ ಪದ್ಧತಿ, ಗಾಬರಿ ಬೇಡ. ಆದರೆ ಎಕ್ಸ್‌ಪೋರ್ಟ್ ಪಟ್ಟಿಯನ್ನು ಕಡತವಾಗಿ ಲಿಂಕರ್‌ಗೆ ಕೊಡುವವರಿದ್ದರೆ ಆ ಅಂಡರ್‌ಸ್ಕೋರ್ ಸೇರಿಸಿಯೇ ಬರೆಯಬೇಕು. ಲಿನಕ್ಸ್‌ನ ಪಟ್ಟಿಯನ್ನು ಹಾಗೆಯೇ ತಂದು ಕೊಟ್ಟರೆ ಹೆಸರುಗಳು ಹೊಂದುವುದಿಲ್ಲ.

ಎರಡನೆಯದು ಎಕ್ಸೆಪ್ಶನ್ (ದೋಷ ಬಂದಾಗ ಕೋಡ್ ಎಸೆಯುವ ಸೂಚನೆ) ಬಗ್ಗೆ. ಲೈಬ್ರರಿಯ ಒಳಗಿನಿಂದ ನಿಮ್ಮದೇ ಕ್ಲಾಸಿನ ಎಕ್ಸೆಪ್ಶನ್ ಎಸೆದು ಹೊರಗಿನ ಪ್ರೋಗ್ರಾಂನಲ್ಲಿ ಹಿಡಿಯುತ್ತಿದ್ದರೆ, ಹಿಡನ್ ಮಾಡಿದ ಮೇಲೆ ಅದು ಹಿಡಿಯಲು ಸಿಗದೇ ಹೋಗಬಹುದು. ಲಿಂಕ್ ಆಗುವಾಗ ಸೂಚನೆಯೇ ಇರುವುದಿಲ್ಲ, ಓಡುವಾಗ ಪ್ರೋಗ್ರಾಂ ನಿಂತುಬಿಡುತ್ತದೆ. ಆ ಕ್ಲಾಸಿನ ವಿಧದ ಮಾಹಿತಿ ಎರಡೂ ಕಡೆ ಒಂದೇ ಎಂದು ತಿಳಿಯಬೇಕಾದರೆ ಕ್ಲಾಸಿಗೂ ಡಿಫಾಲ್ಟ್ ವಿಸಿಬಿಲಿಟಿ ಇರಬೇಕು. ನಿಮ್ಮದು ಸಿ ಫಂಕ್ಷನ್‌ಗಳ ಹೊರಮೈ ಆದ್ದರಿಂದ ಎಕ್ಸೆಪ್ಶನ್‌ಗಳನ್ನು ಒಳಗೇ ಹಿಡಿದು, ದೋಷದ ಸಂಖ್ಯೆಯನ್ನು ಹಿಂದಿರುಗಿಸುವುದು ವಾಸಿ. ಮಿನ್‌ಜಿಡಬ್ಲ್ಯು ಮತ್ತು ವಿಷುಯಲ್ ಸ್ಟುಡಿಯೊದಂಥ ಬೇರೆ ಬೇರೆ ಕಂಪೈಲರ್‌ಗಳ ನಡುವೆ ಎಕ್ಸೆಪ್ಶನ್ ದಾಟಿಸುವುದು ಹೇಗೂ ಆಗದ ಮಾತು.

ಸಹ್ಯಾದ್ರಿ

ಅಚ್ಚುಮೊಳೆಯವರೇ, ನೀವು ಕೊಟ್ಟ ಎನ್‌ಎಂ ಸಾಲಿನಲ್ಲಿಯೇ ಉತ್ತರವಿದೆ. _ಝಡ್ ಎಂದರೆ ಸಿ++ ತಿರುಚಿದ ಹೆಸರು. 11 ಎಂದರೆ ಮುಂದಿನ ಹೆಸರಿನಲ್ಲಿರುವ ರೋಮನ್ ಅಕ್ಷರ ಮತ್ತು ಅಂಡರ್‌ಸ್ಕೋರ್‌ಗಳ ಒಟ್ಟು ಸಂಖ್ಯೆ, ಎಣಿಸಿ ನೋಡಿ. ಕೊನೆಯ ಪಿಕೆಸಿ ಎಂದರೆ ಬದಲಾಗದ ಅಕ್ಷರಗಳಿಗೆ ಪಾಯಿಂಟರ್, ನಿಮ್ಮ ಫಂಕ್ಷನ್ ತೆಗೆದುಕೊಳ್ಳುವ ಕಡತದ ಹೆಸರು. ಅಂದರೆ ಆ ಸೋರ್ಸ್ ಕಡತವನ್ನು ಕಂಪೈಲ್ ಮಾಡುವಾಗ ಕಂಪೈಲರ್‌ಗೆ ಎಕ್ಸ್‌ಟರ್ನ್ ‘ಸಿ’ ಎಂಬ ಮಾತು ಗೊತ್ತೇ ಇರಲಿಲ್ಲ, ಕೆಎನ್_ಎಪಿಐ ಕೂಡ ಗೊತ್ತಿರಲಿಲ್ಲ. ಎರಡೂ ಇರುವುದು ಹೆಡರ್‌ನಲ್ಲಿ. ಆ ಒಂದು ಸೋರ್ಸ್ ಕಡತದ ತಲೆಯಲ್ಲಿ ಕೆಎನ್ ಹೆಡರ್ ಸೇರಿಸಿಲ್ಲವೆಂದು ಬಹುಮಟ್ಟಿಗೆ ಹೇಳಬಲ್ಲೆ. ಹೆಡರ್ ಇಲ್ಲದೆಯೂ ಅದು ಕಂಪೈಲ್ ಆಗುತ್ತದೆ, ಏಕೆಂದರೆ ಕಂಪೈಲರ್‌ನ ದೃಷ್ಟಿಯಲ್ಲಿ ಅದೊಂದು ಹೊಸ, ಸಂಬಂಧವಿಲ್ಲದ ಸಿ++ ಫಂಕ್ಷನ್. ಒಂದು ಸಾಲು ಸೇರಿಸಿ ಮತ್ತೆ ಕಟ್ಟಿ. ಟಿ ಅಕ್ಷರದ ಮುಂದೆ ಬರಿಯ ಕೆಎನ್_ಲೋಡ್_ಮ್ಯಾಪ್ ಕಂಡರೆ ಕೆಲಸ ಆಯಿತು.

ಹೆಡರ್ ಸೇರಿಸಿದ ಮೇಲೆಯೂ ತಿರುಚಿದ ಹೆಸರೇ ಉಳಿದಿದ್ದರೆ ಎರಡೂ ಕಡೆಯ ಆರ್ಗ್ಯುಮೆಂಟ್‌ಗಳನ್ನು ಹೋಲಿಸಿ. ಒಂದು ಕಡೆ ಕಾನ್ಸ್ಟ್ ಬಿಟ್ಟುಹೋಗಿದ್ದರೂ ಸಿ++ ಅವೆರಡನ್ನು ಬೇರೆ ಬೇರೆ ಫಂಕ್ಷನ್ ಎಂದೇ ಎಣಿಸುತ್ತದೆ.

ಪರೀಕ್ಷೆಗಳ ವಿಷಯದಲ್ಲಿ ನಿಮ್ಮ ಹಟ ನನಗೆ ಬಹಳ ಮೆಚ್ಚುಗೆಯಾಯಿತು. ಒಳಗಿನ ಫಂಕ್ಷನ್ನನ್ನು ಪರೀಕ್ಷೆಗಾಗಿ ಎಕ್ಸ್‌ಪೋರ್ಟ್ ಮಾಡಬೇಡಿ. ಪರೀಕ್ಷೆಗಳನ್ನು ಸ್ಟ್ಯಾಟಿಕ್ ಲೈಬ್ರರಿಗೆ ಲಿಂಕ್ ಮಾಡಿ. ಹಿಡನ್ ಎಂಬ ನಿರ್ಬಂಧ ಕೆಲಸ ಮಾಡುವುದು ಎಸ್‌ಒ ಕಡತದ ಗಡಿಯಲ್ಲಿ. ಆಬ್ಜೆಕ್ಟ್ ಕಡತಗಳು ಒಂದೇ ಪ್ರೋಗ್ರಾಂನೊಳಗೆ ಸೇರುವಾಗ ಹಿಡನ್ ಫಂಕ್ಷನ್‌ಗಳೂ ಪರಸ್ಪರ ಸಿಗುತ್ತವೆ. ಎನ್‌ಎಂನಲ್ಲಿಯೂ ಇದನ್ನು ನೋಡಬಹುದು: ಆಬ್ಜೆಕ್ಟ್ ಕಡತದಲ್ಲಿ ಆ ಹೆಸರಿನ ಮುಂದೆ ದೊಡ್ಡ ಟಿ ಇರುತ್ತದೆ, ಎಸ್‌ಒ ಆದ ಮೇಲೆ ಅದೇ ಹೆಸರಿನ ಮುಂದೆ ಸಣ್ಣ ಟಿ. ಸಣ್ಣದು ಎಂದರೆ ಒಳಗಿನವರಿಗೆ ಮಾತ್ರ. ವಿಂಡೋಸ್‌ನಲ್ಲಿ ಸ್ಟ್ಯಾಟಿಕ್ ಲೈಬ್ರರಿಗೆ ಈ ಗಡಿಯೇ ಇಲ್ಲ, ಅಲ್ಲಿಯೂ ಪರೀಕ್ಷೆಗಳು ಹಾಗೆಯೇ ಲಿಂಕ್ ಆಗುತ್ತವೆ. ಜೊತೆಗೆ ಡಿಎಲ್‌ಎಲ್ ಅನ್ನೇ ಬಳಸುವ ಒಂದು ಪುಟ್ಟ ಪರೀಕ್ಷೆ ಇರಲಿ. ಅದು ಹೆಡರ್‌ನಲ್ಲಿರುವ ಪ್ರತಿ ಫಂಕ್ಷನ್ನನ್ನೂ ಒಮ್ಮೆ ಕರೆಯಲಿ. ಒಂದಕ್ಕೆ ಗುರುತು ಬಿಟ್ಟುಹೋಗಿದ್ದರೂ ಅದು ಲಿಂಕ್ ಆಗುವುದಿಲ್ಲ.

ಒಂದೇ ಕೋಡ್ ಎರಡು ಸಲ ಕಂಪೈಲ್ ಆಗುತ್ತದಲ್ಲ, ಸಿಮೇಕ್‌ನ ಆಬ್ಜೆಕ್ಟ್ ಲೈಬ್ರರಿ ಮಾಡಿ ಎರಡಕ್ಕೂ ಹಂಚಬಾರದೇ ಎಂದು ಯಾರಾದರೂ ಸಲಹೆ ಕೊಟ್ಟರೆ ಒಂದು ವಿಷಯ ಗಮನದಲ್ಲಿಡಿ. ಆಗ ಕಂಪೈಲ್ ಆಗುವುದು ಆಬ್ಜೆಕ್ಟ್ ಲೈಬ್ರರಿ, ಶೇರ್ಡ್ ಲೈಬ್ರರಿ ಅಲ್ಲ. ಆದ್ದರಿಂದ ಸಿಮೇಕ್ ತಾನಾಗಿ ಸೇರಿಸುತ್ತಿದ್ದ ಕೆಎನ್_ಎಕ್ಸ್‌ಪೋರ್ಟ್ಸ್ ಬರುವುದಿಲ್ಲ, ಎಲ್ಲ ಫಂಕ್ಷನ್‌ಗಳೂ ಡಿಎಲ್‌ಎಲ್‌ಇಂಪೋರ್ಟ್ ಎಂದು ಕಂಪೈಲ್ ಆಗಲು ಹೊರಡುತ್ತವೆ. ನಿಮ್ಮಷ್ಟು ಸಣ್ಣ ಲೈಬ್ರರಿಗೆ ಎರಡು ಸಲ ಕಂಪೈಲ್ ಮಾಡುವುದೇ ನೆಮ್ಮದಿ.

ಅಚ್ಚುಮೊಳೆ

ಹೌದು, ಆ ಸೋರ್ಸ್ ಕಡತದಲ್ಲಿ ಹೆಡರ್ ಇರಲಿಲ್ಲ. ಸೇರಿಸಿದ ಕೂಡಲೇ ಮೂರೂ ಕಡೆ ಲಿಂಕ್ ಆಯಿತು. ಪರೀಕ್ಷೆಗಳನ್ನೂ ಸ್ಟ್ಯಾಟಿಕ್ ಲೈಬ್ರರಿಗೆ ಬದಲಿಸಿದೆ, ಎಲ್ಲವೂ ಪಾಸಾದವು. ಕರಾವಳಿಯವರು ಹೇಳಿದ ಎಕ್ಸೆಪ್ಶನ್ ವಿಷಯ ಈ ವಾರ ಮಾಡುತ್ತೇನೆ. ಕಡತ ತೆರೆಯಲಾಗದಿದ್ದಾಗ ಈಗ ಎಕ್ಸೆಪ್ಶನ್ ಹೊರಗೇ ಬರುತ್ತಿದೆ.

ಇನ್ನೊಂದು ಕೇಳಲೇ? ಮುಂದೆ ಹೊಸ ಫಂಕ್ಷನ್ ಸೇರಿಸುವಾಗ, ಅಥವಾ ‘ಬರಹ’ ತಂತ್ರಾಂಶದ ಹಳೆಯ ಕಡತಗಳಿಗೆ ಬೇರೆ ಅಕ್ಷರ ಪಟ್ಟಿ ಬರೆಯುವಾಗ, ಗುರುತು ಮರೆತಿದ್ದೇನೆಯೇ ಎಂದು ಪ್ರತಿ ಸಲ ಡಂಪ್‌ಬಿನ್ ಓಡಿಸಿ ಕಣ್ಣಿನಿಂದಲೇ ನೋಡಬೇಕೇ?

ಸಹ್ಯಾದ್ರಿ

ಬೇಡ. ಈಗ ಎಲ್ಲ ಸರಿಯಿರುವಾಗ ಉಬುಂಟುವಿನಲ್ಲಿ ಎನ್‌ಎಂ ಕೊಡುವ ಪಟ್ಟಿಯಿಂದ ವಿಳಾಸದ ಅಂಕಣ ತೆಗೆದು, ಹೆಸರುಗಳನ್ನಷ್ಟೇ ವಿಂಗಡಿಸಿ ಒಂದು ಕಡತವಾಗಿ ಉಳಿಸಿ. ಅದನ್ನು ಕೋಡ್‌ನ ಜೊತೆಗೇ ಗಿಟ್‌ಗೆ ಸೇರಿಸಿ. ಪ್ರತಿ ಸಲ ಕಟ್ಟಿದ ಮೇಲೆ ಹೊಸ ಪಟ್ಟಿ ತೆಗೆದು ಡಿಫ್‌ನಲ್ಲಿ ಹೋಲಿಸುವ ಸಣ್ಣ ಸ್ಕ್ರಿಪ್ಟ್ ಬರೆದು, ಸಿಮೇಕ್‌ನ ಜೊತೆಗೆ ಬರುವ ಪರೀಕ್ಷಾ ಉಪಕರಣ ಸಿಟೆಸ್ಟ್‌ಗೆ ಕೊಡಿ. ವ್ಯತ್ಯಾಸ ಬಂದರೆ ಪರೀಕ್ಷೆ ಬೀಳುತ್ತದೆ. ಬೇಕೆಂದೇ ಫಂಕ್ಷನ್ ಸೇರಿಸಿದ್ದರೆ ಪಟ್ಟಿಯನ್ನೂ ತಿದ್ದಿ ಎರಡನ್ನೂ ಒಂದೇ ಕಮಿಟ್‌ನಲ್ಲಿ ಹಾಕಿ.

ಆ ಕಡತದ ಹೋಲಿಕೆ ಉಬುಂಟುವಿನಲ್ಲಿ ಮಾತ್ರ ನಡೆದರೆ ಸಾಕು. ವಿಂಡೋಸ್‌ನಲ್ಲಿ ಡಿಎಲ್‌ಎಲ್ ಬಳಸುವ ಆ ಪುಟ್ಟ ಪರೀಕ್ಷೆಯೇ ಕಾವಲು. ಎಕ್ಸೆಪ್ಶನ್‌ಗಳನ್ನು ಒಳಗೇ ಹಿಡಿಯುವಾಗ ಮೆಮೊರಿ ಸಾಲದ ಎಕ್ಸೆಪ್ಶನ್ನನ್ನೂ ಸೇರಿಸಿ ಎಲ್ಲವನ್ನೂ ಹಿಡಿಯಿರಿ, ಹಳೆಯ ಪೇಜ್‌ಮೇಕರ್ ಪುಸ್ತಕಗಳಿಂದ ತೆಗೆದ ಪಠ್ಯ ಕೆಲವೊಮ್ಮೆ ಬಹಳ ದೊಡ್ಡದಿರುತ್ತದೆ.